ಎಡಗೈ ಲಿಂಗದ್ದು

ಶರಣು ತಂದಿ ದೊಡ್ಡಬಸವೇಶ್ವರಾ, ನಮ್ಮ ಕುರುಗೋಡು ಕಾಯೋ ದೇವರೇ, ಮೊದಲು ನಿನಗೊಂದು ಶರಣು. ಆಮ್ಯಾಗ ಈ ಬಿಪಿ ಡಬ್ಬಿಗೊಂದು... ಮತ್ತ ರಟ್ಟಿ ಹಿಂಡಾಕ ಶುರು ಮಾಡ್ತು ನೋಡು. ತಡಿ ಅಂಜನಾ, ಬಿಚ್ಚಬ್ಯಾಡ, ಹಿಂಡ್ಲಿ. ಹಾಂ... ಬಿಡ್ತು.

ನಿನ್ನೆ ಮುಂಜಾನೆ ಬಳ್ಳಾರಿ ದವಾಖಾನ್ಯಾಗ ಕಟ್ಟಿಸಿ ಕಳಿಸಿದ್ಯಲ್ಲ, ಆವಾಗಿಂದ ಇದ ಹಾಡು. ಅರ್ಧ ತಾಸಿಗೊಮ್ಮೆ ಗುರ್ರ್ ಅಂತೈತಿ, ಹಿಡೀತೈತಿ, ಬಿಡ್ತೈತಿ. ಹಿಡದಾಗ ಅಳ್ಳಾಡಬಾರದು, ಮಾತಾಡಬಾರದು ಅಂತ ಬ್ಯಾರೆ ಹೇಳಿ ಕಳಿಸಿದಿ. ನಿಮ್ಮ ಮಾವ ಅಡಗಿಮನಿ ಬಾಗಲಾಗ ನಿಂತು ಸಾರು ಉಪ್ಪುಪ್ಪು ಅಂದ್ರು. ನಾ ತಿರುಗಿ ಒಂದು ಮಾತು ಅನ್ನೋದ್ರಾಗ ಗುರ್ರ್ ಅಂತು. ಮೂವತ್ತೈದು ವರ್ಷದ ಸಂಸಾರದಾಗ ಮೊದಲ ಸಲ ಅವರು ಗೆದ್ದರು, ಈ ಡಬ್ಬಿ ಕೃಪಾದಿಂದ.

ಯಾಕ ನಗ್ತಿ? ನಗು, ನಗು. ನೀ ನರ್ಸು, ನಿನಗ ಇಂಥವೆಲ್ಲಾ ಆಟಗಿ ಸಾಮಾನು ಇದ್ದಂಗ.

ಏನಂದ ನಿಮ್ಮ ಡಾಕ್ಟರು? ‘ದವಾಖಾನ್ಯಾಗ ನೋಡಿದಾಗ ನಿಮ್ಮ ಬಿಪಿ ಸರಿ ಇರ್ತೈತ್ರಿ ಅಮ್ಮಾ, ಮನಿಗೆ ಹೋದಮ್ಯಾಲೆ ಏರತಿರಬಹುದು. ಮೈಭಾರ ಇದ್ದೋರಾಗ ಅದು ಹಂಗ ಅಡಗಿ ಕುಂದರ್ತೈತಿ.’ ಅಡಗಾಕ ಅದೇನು ಬೆಕ್ಕೇನು? ಊರಾಗ ಬ್ಯಾರೆ ಜಾಗ ಇಲ್ಲ, ವೀರಭದ್ರಮ್ಮನ ಮೈಯಾಗ ಬೇಕಾದಷ್ಟು ಜಾಗ ಐತಿ ಅಂತ ಬಂದು ಕುಂತೈತೇನು? ಮೀಸಿ ಸರಿಯಾಗಿ ಬಂದಿಲ್ಲ ಆ ಡಾಕ್ಟರಿಗೆ. ಶಿವ ಅವಗ ಒಳ್ಳೇದು ಮಾಡ್ಲಿ, ನಾ ಬೈಯಾಕತ್ತಿಲ್ಲ. ಆದ್ರ ಬುದ್ಧಿ ಕಡಿಮಿ.

ಅದಕ್ಕೂ ಮೊದಲು ತೂಕದ ಕಾಂಟಾ ಮ್ಯಾಲೆ ನಿಲ್ಲಿಸಿದ್ಳಲ್ಲ ಒಬ್ಬಾಕಿ. ಸಾಲಿನಾಗ ನಲವತ್ತು ಮಂದಿ ಕುಂತಾರ. ‘ವೀರಭದ್ರಮ್ಮಾ, ತೊಂಬತ್ನಾಕು’ ಅಂತ ಕೂಗಿದ್ಳು. ಸಿರುಗುಪ್ಪದಾಗ ನಮ್ಮಪ್ಪ ಅಕ್ಕಿ ಮಿಲ್ ನಡೆಸ್ತಿದ್ದ. ಭತ್ತದ ಚೀಲ ತೂಗಿದರೂ ಅಲ್ಲಿ ಇಷ್ಟು ಜೋರು ಕೂಗ್ತಿರಲಿಲ್ಲ. ಚೀಲಕ್ಕ ಇದ್ದ ಮರ್ಯಾದಿ ನನಗಿಲ್ಲ.

ದಪ್ಪ ಅಂದ್ರ ಏನವಾ? ನಮ್ಮ ಮಂದಿಯೊಳಗ ಹೆಣ್ಣು ನೋಡಾಕ ಬಂದೋರು ಮೈ ತುಂಬಿಕೊಂಡಾಳ, ಮನಿ ತುಂಬಿಸ್ತಾಳ ಅಂತ ಒಪ್ಪಿಕೊಂಡು ಹೋಗ್ತಿದ್ರು. ನೀ ನೋಡು, ಗೂಟಕ್ಕ ಸೀರಿ ಹಾಕಿದಂಗ ಅದೀ. ಮುಖ ಸಣ್ಣ ಮಾಡಬ್ಯಾಡ, ನನ್ನ ಮಗ ಗವಿಸಿದ್ದೇಶ ಮೆಚ್ಚಿ ತಂದಾನ, ನಾನೂ ಮೆಚ್ಚೀನಿ. ಇದ್ದದ್ದು ಹೇಳಿದೆ ಅಷ್ಟ.

ಆ ಮೂಲಿಮನಿ ಕೊಟ್ರಮ್ಮನ್ನ ನೋಡೀಯಲ್ಲ? ದಿನಾ ಬೆಳಕು ಹರಿಯೋದ್ರಾಗ ಮಗನ ಬೂಟು ಹಾಕ್ಕೊಂಡು, ಸೀರಿ ಎತ್ತಿ ಕಟ್ಟಿ, ಗುಡ್ಡದ ಕಡಿಗೆ ದಬದಬ ನಡೀತಾಳ. ಬರೋಮುಂದ ನಮ್ಮ ಕಟ್ಟಿ ಮ್ಯಾಲೆ ಕುಂತು ತೇಕ್ಕೋತ, ‘ಅಕ್ಕಾ, ನೀನೂ ಬಾ, ನಾಕು ಕೆಜಿ ಇಳಿದೀನಿ, ಗುಳಿಗಿ ಅರ್ಧ ಮಾಡ್ಯಾರ’ ಅಂತಾಳ. ಪರಮೇಶ್ವರ ಕೊಟ್ಟ ಮೈಯನ್ನ ನಡದು ಸವೆಸೋದು ಒಂದು ದೊಡ್ಡಸ್ತಿಕಿ. ಒಂದು ವಿಭೂತಿ ಹಚ್ಚಾಕ ಪುರಸೊತ್ತಿಲ್ಲ ಆಕಿಗೆ, ಬೂಟಿನ ಲೇಸು ಕಟ್ಟಾಕ ಪುರಸೊತ್ತೈತಿ. ತಪ್ಪಾತು ಶಿವನೇ, ಮಂದಿ ಮಾತು ಆಡಬಾರದು. ಆದ್ರ ಆ ಬೂಟು ನೋಡಿದ್ರ ಬಾಯಿ ನಿಲ್ಲೋದಿಲ್ಲ.

ನಮ್ಮವ್ವ ಗಾದೆಮ್ಮ ನನಗಿಂತ ದಪ್ಪ ಇದ್ದಳು. ಸಿರುಗುಪ್ಪದಾಗ ಯಾರನ್ನ ಬೇಕಾದ್ರೂ ಕೇಳು. ಒಂದು ದಿನ ದವಾಖಾನಿ ಮೆಟ್ಟಲಾ ಹತ್ತಿದಾಕಿ ಅಲ್ಲ, ತಲಿನೋವು ಅಂದಾಕಿ ಅಲ್ಲ. ಒಂದು ಶ್ರಾವಣ ಸೋಮವಾರ ಪೂಜಿಗೆ ಕುಂತಾಕಿ ಕುಂತಂಗ ಲಿಂಗೈಕ್ಯ ಆದಳು. ಅಂಗೈಯಾಗ ಲಿಂಗ ಹಂಗ ಇತ್ತು. ಸ್ವಾಮಿಗಳು ಬಂದು ಕೈ ನೋಡಿ, ಇಂಥಾ ಸಾವು ಕೋಟಿಗೊಬ್ಬರಿಗೆ ಅಂದ್ರು. ಇಪ್ಪತ್ತೆರಡು ವರ್ಷಾತು, ಇವತ್ತಿಗೂ ಆ ಓಣಿಯೊಳಗ ಗಾದೆಮ್ಮನ ಹೆಸರು ಹೇಳಿ ಕೈ ಮುಗೀತಾರ. ಅದನ್ನ ನಾ ಹೇಳಿದ್ರ ಹೋದ ತಿಂಗಳು ನೀ ಏನಂದಿ? ‘ಅತ್ತಿ, ಅದು ಬಿಪಿ ಏರಿ ಆಗಿರಬಹುದು.’ ಅವತ್ತ ನಿನ್ನ ಮ್ಯಾಲೆ ಸಿಟ್ಟು ಬಂದಿತ್ತು ನನಗ. ಶರಣರ ಸಾವಿಗೂ ಒಂದು ಚೀಟಿ ಬರಿಯೋ ಮಂದಿ ನೀವು.

ಏನು ಬರಕೊಳ್ಳಾಕತ್ತಿ? ತೋರಿಸು. ನೂರಾ ಎಪ್ಪತ್ತೆಂಟು... ಅದು ಯಾವಾಗಿಂದು? ರಾಘಣ್ಣನ ಅಂಗಡಿಯಿಂದ ಮಿರ್ಚಿ, ಮಂಡಕ್ಕಿ ಒಗ್ಗರಣಿ ತರಿಸಿ ತಿಂದಾಗಿಂದಿರಬೇಕು. ಇದು? ನೂರಾ ಎಂಬತ್ನಾಕು. ಇದು ಮಲಗಿದಾಗ? ಮಲಗಿದ್ರೂ ಇಳಿದಿಲ್ಲೇನು?

ಡಬ್ಬಿ ಕೆಟ್ಟಿರಬೇಕು ತಗಿ. ದವಾಖಾನ್ಯಾಗ ನೂರಾ ಇಪ್ಪತ್ತಾರು ಇತ್ತು ನನಗ, ನೀನ ನೋಡಿದ್ಯಲ್ಲ. ಕಣ್ಣು ಮುಚ್ಚಿ ಪಂಚಾಕ್ಷರಿ ಅನಕೋತ ಕುಂತಿದ್ದೆ, ಅಲ್ಲಿ ಯಾಕ ಏರ್ತೈತಿ? ಇಲ್ಲಿ ಹಿಂಡಿ ಹಿಂಡಿ ತಾನ ಏರಿಸೈತಿ ಇದು.

ಪೆನ್ನು ಯಾಕ ಕೆಳಗಿಟ್ಟಿ?

ಏನು ನೋಡಾಕತ್ತಿ? ಯಂತ್ರ ಬಲಗೈಗೆ ಯಾಕ ಕಟ್ಟಿಸಿಕೊಂಡೆ ಅಂತಲಾ? ನಿನ್ನೆ ಹೇಳಿದ್ನಲ್ಲ. ಎಲ್ಲಾರಿಗೂ ಎಡಗೈಗೆ ಕಟ್ತೀವಿ, ಕೆಲಸಕ್ಕ ತೊಂದ್ರಿ ಆಗಂಗಿಲ್ಲ ಅಂದ್ಳು ಡಬ್ಬಿ ಕಟ್ಟೋ ಹುಡುಗಿ. ಎಡಗೈ ಲಿಂಗದ್ದವಾ, ಅದಕ್ಕ ನಿಮ್ಮ ರಬ್ಬರು ಸುತ್ತಿ ಮೈಲಿಗಿ ಮಾಡಬ್ಯಾಡ್ರಿ ಅಂದೆ. ಬಲಗೈಗೆ ಕಟ್ಟಿದ್ಳು. ಅಷ್ಟ ಮಾತು. ಅದರಾಗ ನೋಡೋದೇನೈತಿ?

ಸೆರಗಿನೊಳಗ ಕೈ ಇಟ್ಕೊಂಡ್ರ ಥಂಡಿಗೆ ಅಂತ ತಿಳಕೋ. ಹೌದು, ಬ್ಯಾಸಿಗಿ ಅಂತ ನನಗೂ ಗೊತ್ತೈತಿ.

ರೊಟ್ಟಿ? ಕೊಟ್ರಮ್ಮನ ಮನಿಂದ ಬಂದಾವು. ನಾ ಕೇಳಿಲ್ಲ, ಆಕಿನ ಕೊಟ್ಟಾಳ. ಹತ್ತು ದಿನದಿಂದ ಕೊಡಾಕತ್ತಾಳ. ನಿಮ್ಮ ಮಾವ ಹೇಳಿದ್ರೇನು ನಿನಗ? ಮತ್ತೇನು ಹೇಳಿದ್ರು? ದೇವರಕೋಣಿ ಬಾಗಲಾ ಹಾಕ್ಕೊಂಡು ಪೂಜಿ ಮಾಡ್ತಾಳ ಅಂತ ಹೇಳಿದ್ರೇನು? ಏಕಾಂತ ಬೇಕಂತ ಹಾಕ್ಕೋತೀನಿ. ಅದೂ ತಪ್ಪೇನು ಈಗ?

ಮತ್ಯಾಕ ಗುಂಡಿ ಒತ್ತಿದಿ? ಬಿಚ್ಚಾಕ ಬಂದಾಕಿ ಬಿಚ್ಚು, ಇನ್ನೊಮ್ಮೆ ಯಾಕ... ಗುರ್ರ್ ಅಂತು. ಆತು, ಅಳ್ಳಾಡಂಗಿಲ್ಲ ನಾನು. ಏನದು? ಗುಡಿಗೆ ಹೋಗಿ ಬಂದ್ಯಲ್ಲಾ, ವಿಭೂತಿ ಉಂಡಿ ತಂದೀ... ಅಲ್ಲಿಡು. ಮಂಚದ ಮ್ಯಾಲೆ ಇಡು. ಕೈಯಾಗ ಯಾಕ? ಈ ಕೈ ಡಬ್ಬಿ ಹಿಡಕೊಂಡೈತಿ, ಕಾಣಂಗಿಲ್ಲೇನು? ಎಡಗೈಲೆ ಪ್ರಸಾದ ತಗೋತಾರೇನು ಯಾರಾರ?

ಸೆರಗು ಬಿಡು ಅಂಜನಾ. ಬಿಡವಾ.

...

ಎಡಗೈಯಾಗ ಇಟ್ಟಿ... ಬಿತ್ತು. ಬೀಳ್ಲಿ ಬಿಡು, ಉಂಡಿ ನುಣುಪಿತ್ತು. ಬ್ಯಾಡ, ನೀ ಮಂಚದ ಕೆಳಗ ಬಗ್ಗಿ ಹುಡುಕಬ್ಯಾಡ. ಏಳು. ಹಂಗ ಬಗ್ಗಬ್ಯಾಡ ನನ್ನ ಕಣ್ಣ ಮುಂದ, ನನ್ನ ಕೈಲೆ ನೋಡಾಕ ಆಗಂಗಿಲ್ಲ.

ನಾನೂ ಹಂಗ ಬಗ್ಗಿದ್ದೆ.

ಸಿರುಗುಪ್ಪದಾಗ. ಆ ಸೋಮವಾರ ಅವ್ವನ ಕೋಣಿ ಬಾಗಲಾ ದೂಡಿ ಮೊದಲು ಒಳಗ ಹೋದಾಕಿ ನಾನು. ಅವ್ವ ಕುಂತಿರಲಿಲ್ಲ, ಹಲಗಿ ಮ್ಯಾಗಿಂದ ಒಂದು ಮಗ್ಗಲಿಗೆ ಬಿದ್ದಿದ್ದಳು, ಬಾಯಿ ಸೊಟ್ಟ ಆಗಿತ್ತು. ಅಂಗೈ ಖಾಲಿ ಇತ್ತು. ಲಿಂಗ ಮಂಚದ ಕೆಳಗ, ಗ್ವಾಡಿ ಹತ್ರ ಉರುಳಿ ಹೋಗಿತ್ತು. ನಾ ಹೊಟ್ಟಿ ಮ್ಯಾಲೆ ಮಲಗಿ ಕೈ ಹಾಕಿ ತಗದೆ. ಸೆರಗಿಲೆ ಒರಸಿ ಅವ್ವನ ಅಂಗೈಯಾಗ ಇಟ್ಟು, ಬಟ್ಟು ಒಂದೊಂದ ಮಡಚಿ, ಗ್ವಾಡಿಗೆ ಒರಗಿಸಿ ಕುಂದರ್ಸಿ, ಆಮ್ಯಾಗ ಚೀರಿದೆ. ಲಿಂಗ ಜಾರಿಸಿಕೊಂಡು ಸತ್ತಳು ಅಂತ ನಮ್ಮವ್ವನ ಹೆಸರು ಉಳಿಯೋದು ಬ್ಯಾಡಾಗಿತ್ತು ನನಗ. ಸ್ವಾಮಿಗಳು ನೋಡಿ ಕೈ ಮುಗದದ್ದು ನನ್ನ ಕೈಗೆಲಸಕ್ಕ.

ಅವ್ವನೂ ಸಾಯೋಕ್ಕಿಂತ ಹದಿನೈದು ದಿನ ಮೊದಲಿಂದ ಬಾಗಲಾ ಹಾಕ್ಕೊಂಡು ಪೂಜಿ ಮಾಡ್ತಿದ್ದಳು. ಭಕ್ತಿ ಹೆಚ್ಚಾತು ಅಂದ್ವಿ ನಾವೆಲ್ಲಾ.

ಹನ್ನೊಂದು ದಿನಾತು ಅಂಜನಾ. ಬಿಲ್ವಪತ್ರಿ ಏರಿಸಾಕತ್ತಿದ್ದೆ, ಎಡಗೈ ನನ್ನದಲ್ಲ ಅನ್ನಿಸ್ತು. ನಾ ನೋಡ್ಕೋತನ ಇದ್ದೆ, ಲಿಂಗ ಜಾರಿ ತೊಡಿ ಮ್ಯಾಲೆ ಬಿತ್ತು, ಅಲ್ಲಿಂದ ನೆಲಕ್ಕ. ಸ್ವಲ್ಪ ಹೊತ್ತಿಗೆ ಕೈ ಬಂತು, ಪೂರಾ ಬರಲಿಲ್ಲ, ರೊಟ್ಟಿ ಬಡಿಯಾಕೂ ಆಗಂಗಿಲ್ಲ. ಏನು ಪಾಪ ಮಾಡಿದ್ನೋ, ಶಿವ ನನ್ನ ಕೈಯಾಗ ಇರಾಕ ಒಲ್ಲೆ ಅಂದ ಅಂತ ತಿಳಕೊಂಡೆ. ಅವ್ವನ ಸುಳ್ಳಿಗೆ ಶಿಕ್ಷಾ ಅಂದ್ಕೊಂಡೆ. ಯಾರ ಮುಂದ ಹೇಳ್ಲಿ? ಲಿಂಗದ ಕರಡಿಗಿ ಬಿಚ್ಚಿಲ್ಲ ಆವತ್ತಿಂದ. ಬಾಗಲಾ ಹಾಕ್ಕೊಂಡು ಬರೇ ಅಂಗೈ ನೋಡ್ಕೋತ ಕುಂದರ್ತೀನಿ.

ಬೈ ಒಂದು ಮಾತು. ಇಷ್ಟೊತ್ತು ಬೂಟು ಹಾಕ್ಕೊಂಡಾಕಿಗೆ ನಕ್ಕೆ ನಾನು, ಡಾಕ್ಟರಿಗೆ ಬುದ್ಧಿ ಇಲ್ಲ ಅಂದೆ...

ಯಾಕ ಅಳ್ತಿ ಹುಚ್ಚಿ? ಅಳಬ್ಯಾಡ. ಫೋನ್ ಮಾಡು ಗವಿಸಿದ್ದೇಶಗ, ಕಾರು ತರಲಿ. ಬಳ್ಳಾರಿಗೆ ಹೋಗೂನು, ಈಗ. ಲಿಂಗ ಹಿಡಿಯೋ ಕೈ ಅದು, ಉಳಿಸ್ಕೋಬೇಕು ನಾನು. ಬಗ್ಗಿ ತಗದ್ಯಲ್ಲ, ಆ ಉಂಡಿ ಕೊಡು, ಒಡದ್ರೂ ವಿಭೂತಿನ ಅದು. ಮೊದಲು ನಿನ್ನ ಹಣಿಗೆ ಹಚ್ತೀನಿ, ಬಾ ಹತ್ರ. ಇದನ್ನ ಕೇಳಿದ ನಿನ್ನ ಕಿವಿ ತಂಪಾಗಿರಲಿ. ಅವ್ವನ ಸುದ್ದಿ ಮುಚ್ಚಿಡಬ್ಯಾಡ, ನಿನ್ನ ದವಾಖಾನಿಗೆ ಬರೋ ನನ್ನಂಥ ಹೆಣ್ಣುಮಕ್ಕಳಿಗೆ ಹೇಳು. ಅದನ್ನ ಕೇಳಿದೋರೆಲ್ಲಾ ನೂರು ವರ್ಷ ಬಾಳ್ಲಿ, ಅವರ ಅಂಗೈಯಾಗ ಶಿವ ಗಟ್ಟಿಯಾಗಿ ಕುಂತಿರಲಿ.