ಒಂದು ದೂರೂ ಇಲ್ಲದ ಹಿಂದಿನ ಸೀಟು

ಮತ್ತೆ ಎದ್ದು ಬಂದೆಯಾ? ಮೊದಲ ಸಲ ನೀರು ಬೇಕು ಅಂದೆ, ಕೊಟ್ಟೆ. ಎರಡನೇ ಸಲ ನಿಮ್ಮಜ್ಜಿ ಎದ್ದು ಬಂದು ಗ್ಯಾಸ್ ಆರಿಸಿದೆಯಾ ಅಂತ ಕೇಳಿದರು. ಮದುವೆಯಾದ ದಿನದಿಂದ ಆರಿಸುತ್ತಲೇ ಇದ್ದೇನೆ, ಇನ್ನೂ ನಂಬಿಕೆ ಬಂದಿಲ್ಲ. ಈಗ ನಿನಗೆ ದಿಂಬು ಬಿಸಿಯಾಗಿದೆಯಂತೆ. ತಿರುಗಿಸಿ ಹಾಕಿಕೋ, ಹೋಗು. ನಾನು ಬಾಯಿ ತೆಗೆದರೆ ಸಾಕು, ಈ ಮನೆಯಲ್ಲಿ ಎಲ್ಲರ ನಿದ್ದೆಗೂ ಕಾಲು ಬರುತ್ತದೆ.

ಕೂಸು ಮಲಗಲು ಹೋಯಿತು. ನೀವೆಲ್ಲ ಹತ್ತಿರ ಸರಿದು ಕೂತುಕೊಳ್ಳಿ, ಎಲ್ಲಿದ್ದೆ ನಾನು? ಹ್ಞಾ... ಬಾವಿ ಹತ್ತಿರ.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರದೋ ಅತ್ತೆಯ ತಂಗಿಯ ಪಕ್ಕದ ಮನೆಯವರಿಗಲ್ಲ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕಿ, ಅರ್ಧ ಕೂದಲು ಕಿತ್ತ ಅಕ್ಕ.

ಆವತ್ತು ಒಂಬತ್ತೂವರೆ ದಾಟಿತ್ತು. ಅಕ್ಕ ಕೆಲಸ ಮುಗಿಸಿ ಒಬ್ಬಳೇ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಒಂದು ತಿರುವು. ತಿರುವಿನಲ್ಲಿ ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಬಾವಿಯ ಹಿಂದೆ ಸಾಲುಮನೆ, ಬಟ್ಟೆ ಕಾರ್ಖಾನೆಯ ಹೆಂಗಸರು ಬಾಡಿಗೆಗಿರುವುದು. ಬೀದಿದೀಪ ಒಂದೇ. ಅದೂ ಜ್ವರ ಬಂದವರ ಹಾಗೆ ನಡುಗುತ್ತದೆ.

ಅಕ್ಕನ ಚಪ್ಪಲಿ... ಚಟ್. ಚಟ್. ಚಟ್.

ಅದರ ನಡುವೆ ಇನ್ನೊಂದು ಸದ್ದು.

ಟಿಣ್... ಟಿಣ್... ಟಿಣ್...

ಅಕ್ಕ ನಿಂತಳು. ಚಪ್ಪಲಿಯೂ ನಿಂತಿತು. ಅದು ನಿಲ್ಲಲಿಲ್ಲ.

ಏನು ಸದ್ದು ಅಂತ ಅವಳು ಯೋಚಿಸಬೇಕಾಗಿರಲಿಲ್ಲ. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳದೆ ಕೂತರೆ ಬಡಿಯುತ್ತದಲ್ಲ, ಆ ಗಂಟೆ. ದಿನಕ್ಕೆ ಇಪ್ಪತ್ತು ಸಲ ಕೇಳುವವಳು ಅವಳು. ಆದರೆ ರಸ್ತೆಯಲ್ಲಿ ಕಾರೇ ಇರಲಿಲ್ಲ.

ತಡೀರಿ. ಬಾಗಿಲ ಕಡೆ ಯಾಕೆ ನೋಡುತ್ತೀರಿ? ಅದು ನಮ್ಮತ್ತೆ ಕೆಮ್ಮಿದ್ದು. ಆ ಗಂಟೆ ಯಾಕೆ ಬಡಿಯಿತು ಗೊತ್ತಾಗಬೇಕಾದರೆ, ಆ ದಿನ ಮಧ್ಯಾಹ್ನ ಅಕ್ಕ ಏನು ಮಾಡಿದಳು ಅನ್ನುವುದನ್ನು ಮೊದಲು ಹೇಳಬೇಕು.

ಅಕ್ಕನಿಗೆ ಕೆಲಸ ಹಳೇ ಕಾರು ಮಾರುವ ಅಂಗಡಿಯಲ್ಲಿ. ದೊಡ್ಡವರು ಓಡಿಸಿ ಬಿಟ್ಟ ದೊಡ್ಡ ದೊಡ್ಡ ಕಾರುಗಳು. ಅಲ್ಲೊಂದು ಪದ್ಧತಿ. ಪ್ರತಿ ಕಾರಿನ ಕನ್ನಡಿಗೆ ಒಂದು ಕಾರ್ಡು ನೇತು ಹಾಕುತ್ತಾರೆ, ಮೇಲೆ ‘ಮಾಲೀಕರ ಮಾತು’ ಅಂತ ಅಚ್ಚು. ತಿರುವಿನಲ್ಲಿ ಹೇಗೆ ಹೋಗುತ್ತದೆ, ರಸ್ತೆ ಎಷ್ಟು ಹಿಡಿಯುತ್ತದೆ, ಕೂತವರಿಗೆ ಸುಖವೇ... ಹಿಂದಿನ ಮಾಲೀಕರಿಗೆಲ್ಲ ಫೋನ್ ಮಾಡಿ ಕೇಳಿ, ಬರೆಯುವುದು ಅಕ್ಕನ ಕೆಲಸ. ಬರೆಯುವುದು ಅಂದರೆ ಒಗೆದು ಇಸ್ತ್ರಿ ಮಾಡುವುದು. ‘ಸ್ಟೇರಿಂಗ್ ಕಲ್ಲು ಕಣಮ್ಮ’ ಅಂದರೆ ‘ಸ್ಥಿರವಾದ ಹಿಡಿತ’. ‘ಹೊಂಡಕ್ಕಿಳಿದರೆ ಸೊಂಟ ಕೈಗೆ ಬರುತ್ತೆ’ ಅಂದರೆ ‘ರಸ್ತೆಯ ಅನುಭವ ನೇರವಾಗಿ ಸಿಗುತ್ತದೆ’. ನನ್ನ ಗಂಡನ ಬಗ್ಗೆ ನಮ್ಮಪ್ಪನಿಗೆ ಹೇಳಿದವರೂ ಇದೇ ಕೆಲಸದವರೇ ಇರಬೇಕು.

ನಗಿ, ಪರವಾಗಿಲ್ಲ. ಆದರೆ ಅಕ್ಕನಿಗೆ ಆ ಕೆಲಸ ನಗುವ ವಿಷಯ ಆಗಿರಲಿಲ್ಲ. ಕೈ ಎತ್ತುವ ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಒಂದು ಕೋಣೆಗೆ ಬಂದು ಎಂಟು ತಿಂಗಳಾಗಿತ್ತು. ಕೆಲಸ ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಮತ್ತೆ ಆ ಮನೆ. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅಕ್ಕನಿಗೆ ಶಾಪ ಹಾಕುವಾಗ ಬೇಕಾಗುತ್ತದೆ.

ಆ ವಾರ ಒಂದು ಕಾರು ಬಂದಿತ್ತು. ಕಡು ನೀಲಿ, ಇಷ್ಟುದ್ದ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಒಳಗೆ ಕೂತು ಬಾಗಿಲು ಹಾಕಿದರೆ ಧಡ್ ಅಲ್ಲ... ಥುಪ್. ಅಷ್ಟೇ. ಹೊರಗಿನ ಲೋಕಕ್ಕೂ ನಮಗೂ ಸಂಬಂಧವೇ ಇಲ್ಲ. ಎರಡು ವರ್ಷದಲ್ಲಿ ಇಬ್ಬರು ಮಾಲೀಕರು ಕೈಬಿಟ್ಟಿದ್ದರು.

ಅಕ್ಕ ಮೊದಲು ಎರಡನೇ ಮಾಲೀಕನಿಗೆ ಫೋನ್ ಮಾಡಿದಳು. ರಸ್ತೆ ಕಂಟ್ರಾಕ್ಟರ್.

“ಹಿಡಿತದ ಮಾತೇ ಬೇಡಮ್ಮ. ನಾನೇ ಹಾಕಿದ ರಸ್ತೇಲೂ ಜಾರಲಿಲ್ಲ, ಇನ್ನೇನು ಬೇಕು?”

“ಆರಾಮ ಹೇಗೆ ಸಾರ್?”

“ಮುಂದೆ ಕೂತ್ರೆ ರಾಜ. ಹಿಂದೆ... ಹಿಂದಿನ ಎಡಗಡೆ ಸೀಟೊಂದು ಪೀಡೆ. ಯಾರೂ ಕೂತಿರಲ್ಲ, ಬೆಲ್ಟ್ ಹಾಕಿ ಅಂತ ಗಂಟೆ. ಆ ಬಾವಿ ತಿರುವಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಮುಚ್ಚಿದ್ರೆ ನಿಲ್ಲುತ್ತೆ. ದಿನಾ ರಾತ್ರಿ ಇದೇ ಆಯ್ತು. ನಾನೇನು ಅವಳ ಡ್ರೈವರಾ?”

“ಯಾರ ಡ್ರೈವರು ಸಾರ್?”

ಆ ಕಡೆಯಿಂದ ಫೋನ್ ಕಟ್ಟಾಯಿತು.

ಮೊದಲ ಮಾಲೀಕ ಹಲ್ಲಿನ ಡಾಕ್ಟರು. ಮಾತು ಬೆಣ್ಣೆ. ಮಳೆಯಲ್ಲಿ ಹೀಗೆ, ಏರಿನಲ್ಲಿ ಹಾಗೆ ಅಂತ ಅರ್ಧ ಪುಟ ಹೊಗಳಿದ. ಆಮೇಲೆ ತಾನಾಗಿಯೇ ಅಂದ, “ಹಿಂದಿನ ಸೀಟಂತೂ ಮಂಚ. ಒಂದೂವರೆ ಗಂಟೆ ಮಲಗಿದ್ರು, ಒಂದು ಸದ್ದಿಲ್ಲ.”

“ಯಾರು ಸಾರ್, ಮನೆಯವರಾ?”

“...ಅಲ್ಲ.”

ಅಷ್ಟೇ. ಅಕ್ಕ ಕಾರ್ಡಿನಲ್ಲಿ ಚೆಂದವಾಗಿ ಬರೆದಳು: ‘ಹಿಂದಿನ ಸೀಟು ಮಂಚದಷ್ಟು ಆರಾಮ. ಒಂದೂವರೆ ಗಂಟೆ ಪ್ರಯಾಣ ಮಾಡಿದವರಿಂದ ಒಂದು ದೂರೂ ಇಲ್ಲ.’

ಕಾರ್ಡು ನೇತು ಹಾಕಲು ಕಾರಿನೊಳಗೆ ಕೂತು, ಎಂಜಿನ್ ಚಾಲೂ ಮಾಡುವ ಗುಂಡಿ ಒತ್ತಿದಳು. ಟಿಣ್... ಟಿಣ್... ಟಿಣ್... ಮುಂದಿನ ಫಲಕದಲ್ಲಿ ಹಿಂದಿನ ಎಡ ಸೀಟಿಗೆ ಕೆಂಪು ಚುಕ್ಕೆ. ತಿರುಗಿ ನೋಡಿದರೆ ಸೀಟು ಖಾಲಿ.

ಆ ಕೆಲಸದಲ್ಲಿರುವವರೆಲ್ಲರಿಗೂ ಗೊತ್ತಿರುವ ಉಪಾಯ ಒಂದಿದೆ. ಸೀಟು ಬಿಚ್ಚಿ ಒಳಗೇನು ಕೆಟ್ಟಿದೆ ಅಂತ ನೋಡುವ ಪುರುಸೊತ್ತು ಯಾರಿಗಿದೆ? ಖಾಲಿ ಸೀಟಿಗೇ ಬೆಲ್ಟ್ ಎಳೆದು ಸಿಕ್ಕಿಸಿಬಿಡುವುದು. ಅಕ್ಕನೂ ಅದನ್ನೇ ಮಾಡಿದಳು.

ಕಟಕ್.

ಗಂಟೆ ಬಾಯಿ ಮುಚ್ಚಿತು. ಬೆಲ್ಟು ಮಾತ್ರ ಸೀಟಿಗೆ ಅಂಟಿಕೊಳ್ಳಲಿಲ್ಲ. ಒಂದು ಗೇಣು ಮುಂದಕ್ಕೆ ಉಬ್ಬಿ ನಿಂತಿತ್ತು. ಸ್ಪ್ರಿಂಗ್ ಸಿಕ್ಕಿಕೊಂಡಿರಬೇಕು ಅಂದುಕೊಂಡು ಅಕ್ಕ ಇಳಿದು ಹೋದಳು.

ಈಗ ಬನ್ನಿ ಬಾವಿ ಹತ್ತಿರಕ್ಕೆ. ರಾತ್ರಿ. ಖಾಲಿ ರಸ್ತೆ. ಟಿಣ್... ಟಿಣ್... ಸದ್ದು ಹತ್ತಿರ ಬಂತು. ಬೆನ್ನಿಗೆ ಬಂತು. ಕಿವಿಯ ಹತ್ತಿರ ಬಟ್ಟೆ ಸರಿದ ಹಾಗೆ ಒಂದು ಪಿಸುಮಾತು.

“ಅಕ್ಕಾ...”

“ಯಾ... ಯಾರು?”

“ಬಿಚ್ಚಕ್ಕಾ.”

“ಏನನ್ನ?”

“ಹೊಟ್ಟೆ ಒತ್ತುತ್ತೆ... ಇಳೀಬೇಕು. ಮನೆ ಬಂತು.”

ಟಿಣ್.

ಅಕ್ಕ ಹೇಗೆ ಮನೆ ಸೇರಿದಳೋ ಅವಳಿಗೇ ಗೊತ್ತಿಲ್ಲ. ಮಗಳನ್ನು ಅಪ್ಪಿಕೊಂಡು ಬೆಳಗಿನವರೆಗೆ ದೀಪ ಆರಿಸಲಿಲ್ಲ.

ಬೆಳಿಗ್ಗೆ ಅಂಗಡಿಗೆ ಎಲ್ಲರಿಗಿಂತ ಮೊದಲು ಬರುವವನು ಟಿಂಕರ್ ತಾತ. ಜಜ್ಜಿಹೋದ ತಗಡನ್ನು ಬಡಿದು ನೇರ ಮಾಡುವ ಮುದುಕ. ಅಕ್ಕ ಅವನಿಗೆ ಹೇಳಿದಳು. ಅವನು ಬೈಯುತ್ತಾನೆ, ನಗುತ್ತಾನೆ ಅಂದುಕೊಂಡಿದ್ದಳು. ಅವನು ಸುತ್ತಿಗೆ ಕೆಳಗಿಟ್ಟ. ಠಣ್.

“ಆ ಗಾಡಿ ನನಗೆ ಗೊತ್ತಮ್ಮ. ಎರಡು ವರ್ಷದ ಹಿಂದೆ, ರಾತ್ರಿ, ನನ್ನ ಮನೆ ಬಾಗಿಲಿಗೇ ತಂದ ಡಾಕ್ಟರು. ಬಂಪರು ಒಳಗೆ ಹೋಗಿತ್ತು, ಒಂದು ದೀಪ ಚೂರಾಗಿತ್ತು. ನಾಯಿ ಅಡ್ಡ ಬಂತು, ಈಗ್ಲೇ ಸರಿ ಮಾಡು ಅಂದ.”

“ಮಾಡ್ದೆಯಾ?”

“ಹಿಂದಿನ ಸೀಟಲ್ಲಿ ಯಾರೋ ಮಲಗಿದ್ರು. ಕೆಳಗೆ ಪ್ಲಾಸ್ಟಿಕ್ ಹಾಸಿತ್ತು, ಸೀಟು ಹಾಳಾಗಬಾರದಲ್ಲ. ಯಾರು ಸಾರ್ ಅಂದೆ. ನಿದ್ದೆ ಮಾಡ್ತಿದ್ದಾರೆ, ಸದ್ದು ಮಾಡಬೇಡ ಅಂದ.”

“ನೀನೇನ್ ಮಾಡ್ದೆ ತಾತ?”

“ಮೆಲ್ಲಗೆ ಬಡಿದೆ.”

ಬಾವಿ ತಿರುವಿನಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಡಾಕ್ಟರು ತಲುಪಿದ್ದು ಒಂದೂವರೆ ಗಂಟೆ ಬಿಟ್ಟು, ಹಿಂದೆ ಮಲಗಿದ್ದವಳ ಉಸಿರು ನಿಂತ ಮೇಲೆ. ಯಾರೋ ಗುದ್ದಿ ಹೋಗಿದ್ದರು, ರಸ್ತೆಯಲ್ಲಿ ಬಿದ್ದಿದ್ದಳು, ನಾನೇ ಎತ್ತಿಕೊಂಡು ಬಂದೆ ಅಂದನಂತೆ. ಮರುದಿನದ ಪೇಪರಿನಲ್ಲಿ ಅವನ ಫೋಟೋ ಬಂದಿತ್ತು, ‘ಮಾನವೀಯತೆ ಮೆರೆದ ವೈದ್ಯ’ ಅಂತ. ಅವಳ ಫೋಟೋ ಬರಲಿಲ್ಲ. ಸಾಲುಮನೆಯ ಹೆಂಗಸು, ಎರಡನೇ ಪಾಳಿ ಮುಗಿಸಿ ಬರುತ್ತಿದ್ದವಳು. ಐದು ತಿಂಗಳ ಬಸುರಿ.

ಅಕ್ಕ ಅಲ್ಲಿಂದ ನೇರ ಕಾರಿನ ಹತ್ತಿರ ಓಡಿದಳು. ಹಿಂದಿನ ಬಾಗಿಲು ತೆಗೆದಳು. ಬೆಲ್ಟು ಹಾಗೇ ಉಬ್ಬಿ ನಿಂತಿತ್ತು. ಕೈ ಹಾಕಿದರೆ... ಬೆಚ್ಚಗಿತ್ತು. ರಾತ್ರಿಯೆಲ್ಲ ಶೆಡ್ಡಿನಲ್ಲಿ ನಿಂತ ಕಾರು.

“ಏನಮ್ಮಾ ಅದು?”

ಹಿಂದೆ ಅಂಗಡಿಯ ಯಜಮಾನ. ಎಲ್ಲರೂ ಅವನನ್ನು ನಗೆಮುಖ ಅನ್ನುವುದು. ಸತ್ತ ಸುದ್ದಿ ಹೇಳುವಾಗಲೂ ನಗುತ್ತಾನೆ.

“ಈ ಬೆಲ್ಟ್ ಬಿಚ್ಬೇಕು ಸಾರ್.”

“ಬಿಚ್ಚು, ನಾನೇನೂ ಬೇಡ ಅನ್ನಲ್ಲ. ಇನ್ನು ಹತ್ತು ನಿಮಿಷಕ್ಕೆ ಹೆಡ್ಮಾಸ್ಟ್ರು ಬರ್ತಾರೆ ಗಾಡಿ ನೋಡೋಕೆ. ಗಂಟೆ ಬಡಿದ್ರೆ ಅವರು ವಾಪಸ್ ಹೋಗ್ತಾರೆ. ಅವರ ಹಿಂದೇನೇ ನೀನೂ ಹೋಗು. ನಾಳೆಯಿಂದ ಬರಬೇಡ.” ಅದೇ ನಗು. “ಗಂಡನ ಮನೆ ಇದೆಯಲ್ಲ ನಿಂಗೆ, ಬೀದಿಗೇನೂ ಬೀಳಲ್ಲ.”

ಅಕ್ಕನ ಹೆಬ್ಬೆರಳು ಕೆಂಪು ಗುಂಡಿಯ ಮೇಲೇ ಇತ್ತು. ಒತ್ತಿದರೆ ಮುಗಿಯಿತು. ಬೆಲ್ಟು ಒಂದು ಸಲ ಮೆಲ್ಲಗೆ ಮೇಲೆದ್ದಿತು, ಇಳಿಯಿತು... ಉಸಿರಾಡಿದ ಹಾಗೆ.

ಅಕ್ಕ ಕೈ ತೆಗೆದಳು. ಬಾಗಿಲು ಹಾಕಿದಳು.

ಥುಪ್.

ಹೆಡ್ಮಾಸ್ಟ್ರು ಅಂದರೆ ರಿಟೈರಾದವರು. ಕಾರ್ಡಿನ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದರು. “ಒಂದು ದೂರೂ ಇಲ್ಲ. ಭೇಷ್!” ಅಂತ ಹೆಂಡತಿಯನ್ನು ನೋಡಿದರು. ಆಮೇಲೆ ಕೇಳಿದರು, “ಹಿಂದೆ ಯಾಕಮ್ಮ ಬೆಲ್ಟ್ ಹಾಕಿಟ್ಟಿದ್ದೀರಿ?”

“ಹಾಗೇ ಇರಲಿ ಸಾರ್. ಬಿಚ್ಚಿದ್ರೆ ಸುಮ್ನೆ ಗಂಟೆ ಬಡಿಯುತ್ತೆ.”

ಗಂಡ ಹೆಂಡತಿ ಇಬ್ಬರೇ, ಇಬ್ಬರೂ ಮುಂದೆ ಕೂರುವವರು. ಹೇಳಿದ್ದನ್ನು ಮೀರುವ ಜನವೂ ಅಲ್ಲ. ಆ ಸಂಜೆಯೇ ಕಾರು ಒಯ್ದರು. ಗೇಟು ದಾಟುವಾಗ ಅಕ್ಕ ನೋಡಿದಳು. ಹಿಂದಿನ ಎಡ ಕಿಟಕಿಯ ಗಾಜಿಗೆ ಒಳಗಿನಿಂದ ಆವಿ ಕಟ್ಟಿತ್ತು.

ಬೈಯಿರಿ, ಬೈಯಿರಿ. ನಾನೂ ಬೈದೆ. ಒಂದು ಗುಂಡಿ ಒತ್ತೋಕೆ ನಿಂಗೆ ಕೈ ಬರಲಿಲ್ವಾ, ಅವಳೂ ಒಬ್ಬ ಹೆಂಗಸಲ್ವಾ ಅಂದೆ. ಅಕ್ಕ ಅಳಲಿಲ್ಲ. “ಒತ್ತಿದ್ರೆ ಅವಳು ಇಳೀತಿದ್ಳು ಕಣೇ. ನಾನು ಮಗಳ ಕೈ ಹಿಡ್ಕೊಂಡು ಆ ಮನೆ ಮೆಟ್ಟಿಲು ಹತ್ಬೇಕಿತ್ತು” ಅಂದಳು. ನಾನು ಎದ್ದು ಹೋಗಿ ಅವಳ ಮಗಳಿಗೆ ಜಡೆ ಹಾಕಿದೆ.

ಅಕ್ಕ ಬಾವಿ ದಾರಿ ಬಿಟ್ಟಳು. ಸುತ್ತಿ ಹೋದರೆ ಇಪ್ಪತ್ತೈದು ನಿಮಿಷ ಹೆಚ್ಚು. ಮಳೆಯಿರಲಿ, ಕಾಲುನೋವಿರಲಿ, ಸುತ್ತಿಯೇ ಹೋಗುತ್ತಾಳೆ. ಕೆಲಸ ಉಳಿಯಿತು. ಕೋಣೆ ಉಳಿಯಿತು.

ಆ ಅಂಗಡಿಯಲ್ಲಿ ಇನ್ನೊಂದು ಪದ್ಧತಿ. ಕಾರು ಒಯ್ದವರಿಗೆ ನಾಲ್ಕು ತಿಂಗಳಿಗೆ ಫೋನ್ ಮಾಡಿ ಅವರ ಅಭಿಪ್ರಾಯವನ್ನೂ ಬರೆದುಕೊಳ್ಳಬೇಕು. ಆವತ್ತು ಭಾನುವಾರ, ನಾನು ಅಕ್ಕನ ಕೋಣೆಗೆ ಹೋಗಿದ್ದೆ. ಪಟ್ಟಿಯಲ್ಲಿ ಹೆಡ್ಮಾಸ್ಟ್ರ ಹೆಸರು ಬಂತು. ಒಬ್ಬಳೇ ಮಾತಾಡಲು ಹೆದರಿ, ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವೆ ಇಟ್ಟಳು. ನನ್ನ ಮಡಿಲಲ್ಲಿ ಸಣ್ಣವನು ಹಾಲು ಕುಡಿಯುತ್ತಿದ್ದ. ಇದು ಯಾರೋ ಹೇಳಿದ್ದಲ್ಲ, ನನ್ನ ಎರಡು ಕಿವಿಯಿಂದ ಕೇಳಿದ್ದು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ... ನಮ್ಮತ್ತೆಗಾದರೂ ಸಂತೋಷವಾಗುತ್ತದೆ.

“ಬಹಳ ಚೆನ್ನಾಗಿದೆಯಮ್ಮ ಗಾಡಿ” ಅಂದರು ಹೆಡ್ಮಾಸ್ಟ್ರು. “ಹಿಡಿತ ಅಂದ್ರೆ ಹಿಡಿತ. ಎಂಥ ತಿರುವಲ್ಲೂ ಮೈ ವಾಲಲ್ಲ.”

“ಆರಾಮ... ಸಾರ್?”

“ಅದಕ್ಕೇನು, ಮಲಗಿದ ಕೂಸಿಗೂ ಎಚ್ಚರ ಆಗಲ್ಲ. ಆ ಹಿಂದಿನ ಬೆಲ್ಟು ಮಾತ್ರ ತಿಂಗಳಿಂದ ತಿಂಗಳಿಗೆ ಇಷ್ಟಿಷ್ಟೇ ಮುಂದಕ್ಕೆ ಬರ್ತಾ ಇತ್ತು. ಹೋದ ವಾರ ಆ ಉಬ್ಬು ತಾನಾಗಿಯೇ ಒಳಗೆ ಹೋಯ್ತು. ನೀವು ಹೇಳಿದ ಹಾಗೆ ನಾವು ಮುಟ್ಟಿಲ್ಲ.”

ಅಕ್ಕ ನನ್ನ ಮೊಣಕೈ ಹಿಡಿದಳು. ಉಗುರು ಚರ್ಮಕ್ಕಿಳಿಯಿತು.

“ಆದ್ರೆ ಒಂದು ವಿಷಯ ಕೇಳಬೇಕಿತ್ತಮ್ಮ” ಅಂದರು ಹೆಡ್ಮಾಸ್ಟ್ರು. ಅವರ ಹಿಂದೆ ಕಾರು ಚಾಲೂ ಇತ್ತು ಅಂತ ಕಾಣುತ್ತದೆ. ಗಂಟೆ ಕೇಳಿಸುತ್ತಿತ್ತು. “ಈಗ ಅದರ ಪಕ್ಕದ, ಮಧ್ಯದ ಸೀಟಿಗೂ ಗಂಟೆ ಶುರುವಾಗಿದೆ. ಅಲ್ಲೂ ಯಾರೂ ಇಲ್ಲ. ಅದಕ್ಕೂ ಬೆಲ್ಟ್ ಹಾಕಿಬಿಡ್ಲಾ?”