ಎಲ್ಲರೂ ಒಪ್ಪಿದ ಡಾಕ್ಟರು

ಜರ್ಮನಿಯಲ್ಲಿ ಒಂದು ಸಣ್ಣ ಪಟ್ಟಣ. ನೂರೈವತ್ತು ವರ್ಷಕ್ಕೂ ಹಿಂದಿನ ಕಥೆ ಇದು. ಅಲ್ಲೊಬ್ಬ ಸಾಹುಕಾರ ಬೆಂಕಿಕಡ್ಡಿಯ ಕಾರ್ಖಾನೆ ಇಟ್ಟಿದ್ದ. ಕೆಟ್ಟವನಲ್ಲ, ನೋಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿದ್ದ, ಕೂಲಿಯವರು ಎದುರಾದರೂ ಟೋಪಿ ತೆಗೆದು ಮಾತಾಡಿಸುತ್ತಿದ್ದ. ಅವನ ಕಾರ್ಖಾನೆಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಡಾಕ್ಟರ್ ರೀಗರ್ ಅವರ ಮನೆಯಿತ್ತು.

ಒಂದು ದಿನ ಹೆಡ್ವಿಗ್ ಎಂಬ ಹೆಂಗಸು ಹಲ್ಲುನೋವೆಂದು ಆ ಡಾಕ್ಟರ ಹತ್ತಿರ ಬಂದಳು. ಕಡ್ಡಿಯ ತುದಿಯನ್ನು ರಂಜಕದಲ್ಲಿ, ಅಂದರೆ ಫಾಸ್ಫರಸ್ ಮದ್ದಿನಲ್ಲಿ, ಅದ್ದುವುದು ಅವಳ ಕೆಲಸ. ಡಾಕ್ಟರು ಹಲ್ಲು ಕಿತ್ತರು. ತಿಂಗಳಾಯಿತು, ಎರಡು ತಿಂಗಳಾಯಿತು, ಗಾಯ ಮಾಯಲಿಲ್ಲ. ಕೀವು ಕಟ್ಟಿತು, ಒಳಗಿನ ಮೂಳೆ ಬಣ್ಣ ಕೆಟ್ಟು ಕಾಣತೊಡಗಿತು. ಡಾಕ್ಟರಿಗೆ ಗೊತ್ತಾಯಿತು. ಅದೇ ಕಾರ್ಖಾನೆಯಿಂದ ಕೊಳೆತ ದವಡೆ ಹೊತ್ತು ಬಂದವರಲ್ಲಿ ಇವಳು ನಾಲ್ಕನೆಯವಳು.

ರಂಜಕದ ಹೊಗೆ ಹುಳುಕು ಹಲ್ಲಿನ ದಾರಿಯಲ್ಲಿ ಇಳಿದು ದವಡೆಯನ್ನು ತಿನ್ನುತ್ತಿತ್ತು. ಆ ಹೆಂಗಸರು ಮಧ್ಯಾಹ್ನ ಊಟ ಮಾಡುತ್ತಿದ್ದದ್ದು ಎಲ್ಲಿ ಗೊತ್ತೇ? ಅದೇ ಬೆಂಚಿನ ಮೇಲೆ, ಅದೇ ಹೊಗೆಯಲ್ಲಿ, ರಂಜಕ ಅಂಟಿದ ಅದೇ ಕೈಯಲ್ಲಿ.

ಡಾಕ್ಟರು ನೇರವಾಗಿ ಸಾಹುಕಾರನ ಬಳಿಗೆ ಹೋದರು. "ಊಟಕ್ಕೆ ಬೇರೆ ಕೋಣೆ ಕೊಡಿ. ಕೈ ತೊಳೆಯೋಕೆ, ಬಾಯಿ ಮುಕ್ಕಳಿಸೋಕೆ ನೀರಿಡಿ. ಹೊಗೆ ಹೊರಗೆ ಹೋಗೋ ಹಾಗೆ ಕಿಟಕಿ ಮಾಡಿಸಿ. ಇಷ್ಟೇ ನಾನು ಕೇಳೋದು."

ಸಾಹುಕಾರ ಜಗಳವಾಡಿದನೇ? ಇಲ್ಲ. ಡಾಕ್ಟರ ಎರಡೂ ಕೈ ಹಿಡಿದುಕೊಂಡ. "ನೀವು ಹೇಳೋದು ಅಕ್ಷರಶಃ ಸರಿ. ನನ್ನ ಕಣ್ಣು ತೆರೆಸಿದ್ರಿ, ಡಾಕ್ಟ್ರೇ."

ಕಣ್ಣು ತೆರೆಯಿತು. ಕಿಟಕಿ ತೆರೆಯಲಿಲ್ಲ.

ಒಂದು ತಿಂಗಳು ಬಿಟ್ಟು ಡಾಕ್ಟರು ಮತ್ತೆ ಹೋದರು. "ಈಸ್ಟರ್ ಕಳೀಲಿ" ಎಂದ ಸಾಹುಕಾರ. ಈಸ್ಟರ್ ಕಳೆಯಿತು. "ಸುಗ್ಗಿ ಮುಗೀಲಿ" ಎಂದ. ಡಾಕ್ಟರು ಪುರಸಭೆಗೆ ವರದಿ ಬರೆದರು. ಅಲ್ಲಿ ಅದನ್ನು ತಾವೇ ಎದ್ದು ನಿಂತು ಓದಿದರು. ಸದಸ್ಯರು ಚಪ್ಪಾಳೆ ತಟ್ಟಿದರು, ಒಂದು ಸಮಿತಿ ಮಾಡಿದರು. ಒಬ್ಬ ಹಿರಿಯ ಸದಸ್ಯ ಬಂದು, "ಎಂಥ ಸ್ವಚ್ಛ ಭಾಷೆ ನಿಮ್ಮದು" ಎಂದು ಬೆನ್ನು ತಟ್ಟಿದ. ಭಾಷೆಯಂತೆ. ದವಡೆ ಕೊಳೆಯುತ್ತಿದೆ, ಇವನಿಗೆ ಭಾಷೆ.

ಮನೆಗೆ ಬಂದ ರೀಗರ್ ಟೋಪಿಯನ್ನು ನೆಲಕ್ಕೆ ಬಿಸಾಡಿದರು. ಒಬ್ಬನಾದರೂ ಸುಳ್ಳು ಅಂದಿದ್ದರೆ ವಾದ ಮಾಡಬಹುದಿತ್ತು. ಆಗಲ್ಲ ಹೋಗಯ್ಯಾ ಅಂದಿದ್ದರೆ ಹೊಡೆದಾಡಬಹುದಿತ್ತು. ಹೌದು ಹೌದು ಎನ್ನುವವರ ಜೊತೆ ಏನು ಮಾಡಬೇಕು? ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಕೈಗೂ ನೋವಿಲ್ಲ, ಮೂಟೆಗೂ ನೋವಿಲ್ಲ.

ಅಷ್ಟರಲ್ಲಿ ಹೆಡ್ವಿಗ್ ಬಂದಳು. ಮುಖದ ಅರ್ಧಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ಮರುದಿನ ಅವಳ ಕೆಳದವಡೆಯ ಒಂದು ಭಾಗವನ್ನು ಡಾಕ್ಟರು ಕತ್ತರಿಸಿ ತೆಗೆಯುವುದಿತ್ತು. ಡಾಕ್ಟರು ಅವಳೆದುರೇ ಸಾಹುಕಾರನನ್ನು ಬೈದರು, ಪುರಸಭೆಯನ್ನು ಬೈದರು, ಊರನ್ನೆಲ್ಲ ಬೈದರು. ಬೈಯುತ್ತಲೇ ದೀಪ ಹಚ್ಚಲು ಒಂದು ಕಡ್ಡಿ ಗೀರಿದರು.

ಹೆಡ್ವಿಗ್ ಆ ಕಡ್ಡಿಯನ್ನೇ ನೋಡಿದಳು.

"ಅದು ನಮ್ಮ ಕಾರ್ಖಾನೇದು, ಡಾಕ್ಟ್ರೇ."

ಡಾಕ್ಟರ ಕೈ ನಿಂತಿತು.

"ತಪ್ಪು ತಿಳ್ಕೋಬೇಡಿ," ಅಂದಳು. ಬಟ್ಟೆಯೊಳಗಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ನೀವು ಹೇಳಿದ್ದು ಸರಿ ಅಂತ ಸಾಹುಕಾರ್ರೂ ಅಂತಾರೆ, ನೀವೂ ಅಂತೀರ. ನಾವು ಮಾತ್ರ ಇವತ್ತೂ ಅಲ್ಲೇ ಕೂತು ಉಂಡ್ವಿ. ನಿಮ್ಮ ಮನೆ ಮುಂದಿನ ಕೋಣೆ ಮಧ್ಯಾಹ್ನ ಖಾಲಿ ಇರುತ್ತೆ. ಕಿಟಕೀಲಿ ಕಾಣುತ್ತೆ ನಮಗೆ."

ಇಷ್ಟು ಹೇಳಿ ಅವಳು ಹೊರಟುಹೋದಳು. ರೀಗರ್ ಕಿಟಕಿಗೆ ಹೋಗಿ ಎದುರಿನ ಕಾರ್ಖಾನೆಯನ್ನು ನೋಡಿದರು. ವರದಿ ಬರೆದಿದ್ದರು, ಭಾಷಣ ಮಾಡಿದ್ದರು, ನಾಲ್ಕು ಜನರ ಮುಂದೆ ಕೂಗಾಡಿದ್ದರು. ಅದನ್ನೇ ಕೆಲಸ ಎಂದುಕೊಂಡಿದ್ದರು. ಒಪ್ಪಿಕೊಂಡು ಕೂತವರ ಸಾಲಿನಲ್ಲಿ ತಾನೂ ಒಬ್ಬ ಎಂದು ತಿಳಿದಾಗ ಅವರ ಮುಖ ಕೆಂಪಾಯಿತು, ಕೋಪಕ್ಕಲ್ಲ.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮುಗಿಸಿದರು. ಮಧ್ಯಾಹ್ನ ಮುಂದಿನ ಕೋಣೆಯ ಬಾಗಿಲು ತೆಗೆದರು. ಬಾಗಿಲಲ್ಲಿ ನೀರಿನ ಹಂಡೆ ಇಟ್ಟು, ತಾವೇ ಅಂಗಿಯ ತೋಳು ಮಡಚಿ ನಿಂತರು. ಕಾರ್ಖಾನೆಯ ಹೆಂಗಸರು ರಸ್ತೆ ದಾಟಿ ಬಂದರು. ಮೊದಲ ದಿನ ಆರು ಜನ, ಮರುವಾರ ನಲವತ್ತು. ಡಾಕ್ಟರು ಒಬ್ಬೊಬ್ಬರ ಕೈಗೂ ನೀರು ಹೊಯ್ದರು. "ಬಾಯಿ ಮುಕ್ಕಳಿಸಮ್ಮ, ಇನ್ನೊಂದು ಸಲ" ಎಂದರು.

ಸುಲಭವಾಯಿತು ಅಂದುಕೊಂಡಿರಾ? ಮನೆಯೆಲ್ಲ ರಂಜಕದ ನಾತ. ದೊಡ್ಡ ಮನೆಯ ರೋಗಿಗಳು ಮೂಗು ಮುಚ್ಚಿಕೊಂಡು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಸಾಹುಕಾರ ಬಂದು, "ಊರೆಲ್ಲ ನೋಡ್ತಿದೆ. ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಕೇಳಿದ.

"ನೀರು ಹೊಯ್ಯೋಕೆ ಒಂದು ಕೈ ಕಡಿಮೆ ಇದೆ. ನಿಲ್ತೀರಾ?" ಎಂದರು ರೀಗರ್.

ನಿಲ್ಲಲಿಲ್ಲ ಅವನು. ಆದರೆ ಎಂಟು ತಿಂಗಳು ಆ ಹೆಂಗಸರು ದಿನಾ ರಸ್ತೆ ದಾಟುವುದನ್ನು ಊರು ನೋಡಿತು. ಒಂಬತ್ತನೆಯ ತಿಂಗಳು ಕಾರ್ಖಾನೆಯಲ್ಲಿ ಊಟದ ಕೋಣೆ ಎದ್ದಿತು, ದೊಡ್ಡ ಕಿಟಕಿಗಳೂ ಬಂದವು. ಮನಸ್ಸು ಕರಗಿ ಕಟ್ಟಿಸಿದನೋ ನಾಚಿಕೆಗೆ ಕಟ್ಟಿಸಿದನೋ, ದೇವರಿಗೇ ಗೊತ್ತು. ಹೆಡ್ವಿಗ್ ಬದುಕಿದಳು. ಗಂಜಿ ಬಿಟ್ಟು ಬೇರೇನನ್ನೂ ಉಣ್ಣಲಾಗದೆ, ಸೊಟ್ಟ ಮುಖ ಹೊತ್ತು ಬದುಕಿದಳು. ಆ ದವಡೆಯನ್ನು ಯಾರ ಒಪ್ಪಿಗೆಯೂ ವಾಪಸು ತರಲಿಲ್ಲ.

ಪ್ರಿಯರೇ, ಇಷ್ಟು ಹೊತ್ತು ಆ ಸಾಹುಕಾರನ ಮೇಲೆ ನಿಮಗೆ ಸಿಟ್ಟು ಬಂತಲ್ಲ? ಬರಲಿ. ಈಗ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಎಲ್ಲಿ ಕೂತು ತಿನ್ನುತ್ತಾಳೆ? ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಲ್ಲವೇ? ಅವಳ ತಟ್ಟೆ ಎಲ್ಲಿದೆ? ನಿಮ್ಮ ತಟ್ಟೆಗಳ ಜೊತೆಗಿದೆಯೇ, ಇಲ್ಲಾ ಹಿಂಬಾಗಿಲ ಮೂಲೆಯಲ್ಲಿದೆಯೇ? ಬಚ್ಚಲು ತಿಕ್ಕಲು ಅವಳ ಕೈಗೆ ಆಸಿಡ್ ಬಾಟಲಿ ಕೊಡುತ್ತೀರಿ. ಕೈಗವಸು ಕೊಟ್ಟಿದ್ದೀರಾ? ನೋಡಿ, ಇದು ಹೊಸ ವಿಷಯವಲ್ಲ. ಹೋದ ವರ್ಷ ಈ ಚರ್ಚಿನಲ್ಲೇ ನಿಂತು ಹೇಳಿದೆ, ಅದರ ಹಿಂದಿನ ವರ್ಷವೂ ಹೇಳಿದೆ. ನೀವೆಲ್ಲ ತಲೆಯಾಡಿಸಿದಿರಿ. ನನಗೂ ಸಾಕಾಗಿದೆ, ನಿಜ ಹೇಳುತ್ತೇನೆ. ನನ್ನ ಮನೆಯಲ್ಲೂ ಆ ತಟ್ಟೆ ಹೋದ ಬುಧವಾರದವರೆಗೆ ಮೂಲೆಯಲ್ಲೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಗೊತ್ತಿಲ್ಲದವನಿಗೆ ಕಲಿಸಬಹುದು. ಒಪ್ಪಿಕೊಂಡು ಸುಮ್ಮನಿರುವವನಿಗೆ ಯಾರು ಏನು ಕಲಿಸಬೇಕು?

ಆದ್ದರಿಂದ ಇವತ್ತು ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಪ್ರಸಂಗ ಚೆನ್ನಾಗಿತ್ತು ಎಂದು ನನ್ನ ಕೈ ಕುಲುಕಬೇಡಿ. ಹೋಗುವ ದಾರಿಯಲ್ಲಿ ಒಂದು ಜೊತೆ ಕೈಗವಸು ಕೊಳ್ಳಿ. ನಾಳೆ ಬೆಳಿಗ್ಗೆ ಆಕೆ ಬಂದಾಗ ಊಟದ ಮೇಜಿನ ಹತ್ತಿರ ಒಂದು ಕುರ್ಚಿ ಎಳೆದು, "ಕೂತ್ಕೊಳ್ಳಮ್ಮ" ಅನ್ನಿ. ಆಕೆ ನಾಚಿಕೊಳ್ಳುತ್ತಾಳೆ, ಬೇಡ ಅನ್ನುತ್ತಾಳೆ. ಆಕೆ ಕೂರುವವರೆಗೆ ನೀವು ನಿಂತೇ ಇರಿ.