ಇಬ್ಬರು ಬೇಕಾದ ಇಂಜಿನ್

ನಗುವವರಿದ್ದರೆ ಈಗಲೇ ನಕ್ಕುಬಿಡಿ. ನಡುವೆ ಯಾರಾದರೂ ಕಿಸಕ್ಕೆಂದರೆ ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತೇನೆ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ಹ್ಯಾಂಡ್ಲು ಅಂತ ನಾವೆಲ್ಲ ಕರೆಯುತ್ತೇವಲ್ಲ, ಅವನಿಗೆ.

ಆ ರಾತ್ರಿ ಅವನು ಬಸ್ಸಿಳಿದಾಗ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಸಂಜೆ ತಲುಪಬೇಕಾದವನು ಜನ ಮಲಗಿದ ಮೇಲೆ ತಲುಪಿದ್ದ. ಬಸ್ಸಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಗವ್ವೆನ್ನುವ ಕತ್ತಲೆ... ಅವನು ಹೊರಟಿದ್ದ ಪಂಕ್ಚರ್ ಅಂಗಡಿಗೆ ಅಲ್ಲಿಂದ ನಡೆದೇ ಹೋಗಬೇಕು. ದಾರಿ ಪಕ್ಕದಲ್ಲಿ ಒಂದು ಹಾಳು ಬಾವಿ, ಅದರ ಮೇಲೆ ಬಾಗಿದ ಆಲದ ಮರ.

ಬಾವಿ ಹತ್ತಿರ ಬಂದಾಗ ಸದ್ದು ಕೇಳಿಸಿತು. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಗಾಳಿ ಇಲ್ಲ. ಮರದ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಅವನು ನಿಂತ. ಟಾರ್ಚು ಹಾಕಿ ನೋಡಿದ. ರಾಟೆ ತಿರುಗುತ್ತಿತ್ತು... ಅದರಲ್ಲಿ ಹಗ್ಗವೇ ಇರಲಿಲ್ಲ.

ಈ ಹ್ಯಾಂಡ್ಲು ಎಂಥ ಪುಕ್ಕಲ ಅಂದರೆ, ಮೀಸೆ ಬಂದ ಮೇಲೂ ರಾತ್ರಿ ಹಿತ್ತಲಿಗೆ ಹೋಗಲು ಅಕ್ಕನನ್ನು ಎಬ್ಬಿಸುತ್ತಿದ್ದವನು. ಅಂಥವನು ಆ ರಾಟೆ ನೋಡಿ ಏನು ಮಾಡಿದ ಗೊತ್ತೆ? ಏನೂ ಮಾಡಲಿಲ್ಲ. ಇದಕ್ಕೆ ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತೋ ಅಂದುಕೊಂಡು ಮುಂದೆ ನಡೆದ. ಹೆದರಿಕೆಯೇ ಆಗಲಿಲ್ಲವಂತೆ. ಭಾವ ಹೋದಾಗಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಅಳು ಬರಲಿಲ್ಲ. ಹಸಿವಾಗಲಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿಕೊಂಡ ಹಾಗೆ... ಚಿವುಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ಭಾವ ಅಂದರೆ ಅವನ ಅಕ್ಕನ ಗಂಡ. ಹೊಟ್ಟೆಪಾಡಿಗೆ ಲೇತ್ ಕೆಲಸ, ಜೀವ ಇದ್ದದ್ದು ಮನೆ ಹಿಂದಿನ ತಗಡಿನ ಮಾಡಿನಡಿ. ಅಲ್ಲಿ ಕೂತು ಇಂಜಿನ್ ಮಾಡುತ್ತಿದ್ದರು. ಕೊಂಡು ತರುವುದಲ್ಲ ಸ್ವಾಮಿ, ಮಾಡುವುದು. ಮೊದಲನೆಯದು ಒಂದು ಸಲ ಕೆಮ್ಮಿ ಸತ್ತಿತು. ಎರಡನೆಯದು ಪಕ್ಕದ ಮನೆಯ ಕಿಟಕಿ ಗಾಜು ಒಡೆಯಿತು. ಆಮೇಲಿನದು ಓಡಿತು. ಹಳೇ ನೀರಿನ ಪಂಪಿನ ಸಿಲಿಂಡರು, ಮುಚ್ಚಿಹೋದ ಹಿಟ್ಟಿನ ಗಿರಣಿಯ ಗಾಲಿ, ಉಳಿದದ್ದೆಲ್ಲ ಭಾವನ ಕೈಕೆಲಸ. ಅದನ್ನು ಮೂರು ಚಕ್ರದ ಗಾಡಿಯ ನಡುವೆ ಕೂರಿಸಿ, ಭಾವ ಭಾಮೈದ ಇಬ್ಬರೂ ದೇಶ ಸುತ್ತಿದರು. ಬೆಟ್ಟ ಹತ್ತಿದರು, ಮರಳು ದಾಟಿದರು, ಸಮುದ್ರದವರೆಗೆ ಹೋಗಿ ಚಕ್ರ ನೆನೆಸಿಕೊಂಡು ಬಂದರು. ಏರು ಸಿಕ್ಕಿದರೆ ಶಾಲೆ ಮಕ್ಕಳು ಗಾಡಿಯನ್ನು ಹಿಂದೆ ಹಾಕಿ ಮುಂದೆ ಓಡುತ್ತಿದ್ದವು. ಒಂದು ಕಡೆ ಪೊಲೀಸಿನವನು ಅಡ್ಡ ಹಾಕಿ, ಇದು ಯಾವ ಕಂಪನಿ ಗಾಡಿ ಅಂತ ಗದರಿದ. ಮನೆ ಕಂಪನಿ ಸಾರ್, ಹೆಂಡತಿಯೇ ಮಾಲೀಕಳು, ಅಂದರಂತೆ ಭಾವ.

ಆದರೆ ಆ ಇಂಜಿನ್ನಿನಲ್ಲಿ ಒಂದು ಎಡವಟ್ಟಿತ್ತು. ಅದು ಗೊತ್ತಿರದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ, ಕೇಳಿಸಿಕೊಳ್ಳಿ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಇಂಜಿನ್ ಅದು. ತಿರುಗಿಸುವಾಗ ಇಂಜಿನ್ನಿನ ತಲೆಯ ಬಳಿಯ ಲಿವರ್ ಎತ್ತಿರಬೇಕು, ಇಲ್ಲದಿದ್ದರೆ ಹ್ಯಾಂಡಲ್ ಜಪ್ಪಯ್ಯ ಅಂದರೂ ಜಗ್ಗದು. ಗಾಲಿಗೆ ಓಟ ಬಂದ ಮೇಲೆ ಲಿವರನ್ನು ಟಕ್ಕೆಂದು ಬೀಳಿಸಬೇಕು. ಆಗ ಇಂಜಿನ್ ಹಿಡಿಯುತ್ತದೆ. ನಿಲ್ಲಿಸಬೇಕಾದರೂ ಅದೇ ಲಿವರನ್ನು ಎತ್ತಬೇಕು. ಸಾಮಾನ್ಯವಾಗಿ ಎರಡೂ ಒಂದೇ ಕಡೆ ಇರುತ್ತವೆ, ಒಬ್ಬನ ಎರಡು ಕೈ ಸಾಕು. ಭಾವ ಎರಕಕ್ಕೆ ಮರದ ಅಚ್ಚು ಕೆತ್ತುವಾಗ ನಕ್ಷೆಯ ಹಾಳೆಯನ್ನು ಮಗುಚಿ ಇಟ್ಟುಕೊಂಡುಬಿಟ್ಟಿದ್ದರು. ತೆಳು ಹಾಳೆ, ಗೆರೆ ಹಿಂದಿನಿಂದಲೂ ಚೆನ್ನಾಗಿಯೇ ಕಾಣುತ್ತಿತ್ತು. ಎರಕವಾಗಿ ಬಂದಾಗ ಎಡ ಬಲವಾಗಿತ್ತು. ಹ್ಯಾಂಡಲ್ ಈ ಕಡೆ, ಲಿವರ್ ಆ ಕಡೆ. ನಡುವೆ ಎದೆಯೆತ್ತರದ ಇಂಜಿನ್, ಅದರ ಮೇಲೆ ಡೀಸೆಲ್ ಟ್ಯಾಂಕು. ಒಬ್ಬನ ಕೈಗೆ ಎಟುಕುವ ಮಾತೇ ಇಲ್ಲ. ಇನ್ನೊಂದು ಎರಕ ಹೊಯ್ಸಿ ಅಂದಳು ಅಕ್ಕ. ಭಾವ ಒಪ್ಪಲಿಲ್ಲ. ಇರಲಿ ಬಿಡು, ಇದು ಇಬ್ಬರು ಬೇಕಾದ ಇಂಜಿನ್, ಕಳ್ಳ ಒಬ್ಬನೇ ಬಂದರೆ ಬರಿಗೈಯಲ್ಲಿ ಹೋಗಬೇಕು, ಅಂದು ನಕ್ಕರು.

ಹಾಗೆ ಭಾಮೈದ ಹ್ಯಾಂಡಲ್ ಕಡೆಯಾದ, ಭಾವ ಲಿವರ್ ಕಡೆಯಾದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಗಾಲಿಗೆ ಓಟ ಬಂದಾಗ ಇವನು ಬಿಡಿ ಭಾವ ಅನ್ನಬೇಕು, ಅವರು ಲಿವರ್ ಬೀಳಿಸಬೇಕು. ಮೊದಮೊದಲು ಒಮ್ಮೆ ಹ್ಯಾಂಡಲ್ ತಿರುಗಿ ಹೊಡೆದು ಇವನ ಮಣಿಕಟ್ಟು ಮುರಿದಿತ್ತು. ಅಂದಿನಿಂದ ಇಂಜಿನ್ ಹಿಡಿದ ಕೂಡಲೇ ಭಾವ ಆ ಕಡೆಯಿಂದ ಕೂಗಿ ಒಂದು ಮಾತು ಕೇಳುವರು. ಕೈ ಸರಿ ಇದೆಯೇನೋ? ಇದೆ ಭಾವ, ಅನ್ನಬೇಕು ಇವನು. ಅನ್ನುವವರೆಗೆ ಅವರು ಗಾಡಿ ಹತ್ತುತ್ತಿರಲಿಲ್ಲ.

ಹೀಗೇ ಒಂದು ದೂರದ ಪ್ರಯಾಣ ಮುಗಿಸಿ ಮರಳುವಾಗ ಆ ಪಂಕ್ಚರ್ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದ್ದರು. ಭಾವ ನೆರಳಲ್ಲಿ ಕೂತರು. ಎದೆ ನೀವಿಕೊಂಡರು. ಸ್ವಲ್ಪ ನೀರು ಕೊಡೋ ಅಂದರು. ಇವನು ನೀರು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ತಂದ. ಗಾಡಿ ಪಂಕ್ಚರಿನವನ ಶೆಡ್ಡಿನಲ್ಲೇ ಉಳಿಯಿತು.

ಅಲ್ಲಿಂದ ಶುರುವಾಯಿತು ಅಕ್ಕನದು. ಸಂಜೆಯಾದರೆ ಬಾಗಿಲಲ್ಲಿ ಬಂದು ಕೂರುವಳು. ರಸ್ತೆಯ ಕಡೆಗೇ ಕಿವಿ. ಊಟ ಇಲ್ಲ, ನಿದ್ದೆ ಇಲ್ಲ. ಹೆಣವನ್ನು ಕಣ್ಣಾರೆ ಕಂಡವಳು, ಅದರ ಕಾಲು ಹಿಡಿದು ಅತ್ತವಳು. ಆದರೂ ಒಳಗೆ ಬಾ ಅಂದರೆ ಅವಳದು ಒಂದೇ ಮಾತು.

"ಅವರು ಯಾವತ್ತಾದ್ರೂ ಬೇರೆಯವರ ಗಾಡೀಲಿ ಮನೆಗೆ ಬಂದಿದ್ದಾರೇನೋ?"

ದಿನ ಕಳೆದಂತೆ ಕಡ್ಡಿಯಾದಳು. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಅಂದರು ಡಾಕ್ಟರು. ಹ್ಯಾಂಡ್ಲುಗೆ ಹೊಳೆದದ್ದು ಒಂದೇ ಉಪಾಯ. ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸುವುದು. ಭಾವ ಕೂರುತ್ತಿದ್ದ ಎಡಗಡೆಯ ಸೀಟು ಖಾಲಿ ಇರುವುದನ್ನು ನೋಡಿದರೆ ಅವಳು ನಂಬುತ್ತಾಳೆ, ಕಾಯುವುದನ್ನು ಬಿಡುತ್ತಾಳೆ, ಒಂದು ತುತ್ತು ತಿನ್ನುತ್ತಾಳೆ. ಇವತ್ತು ರಾತ್ರಿಯೊಳಗೆ ತರುತ್ತೇನೆ ಅಂತ ಮಾತು ಕೊಟ್ಟು ಹೊರಟಿದ್ದ. ಲಿವರ್ ಕಡೆ ನಿಲ್ಲಲು ಪಂಕ್ಚರಿನವನು ಒಪ್ಪಿದ್ದ.

ಬಾವಿ ದಾಟಿ ಅಂಗಡಿ ತಲುಪಿದರೆ ಅಲ್ಲಿ ಯಾರೂ ಇಲ್ಲ. ಪಂಕ್ಚರಿನವನು ಕಾದು ಕಾದು, ಬೀಗ ತೆಗೆದಿಟ್ಟು ಮನೆಗೆ ಹೋಗಿದ್ದ. ಫೋನು ಮಾಡಿದ. ಎತ್ತಲಿಲ್ಲ. ಶೆಡ್ಡಿನ ಬಾಗಿಲು ತಳ್ಳಿದ. ಗಾಡಿ ಇತ್ತು, ಮೈಮೇಲೆಲ್ಲ ಧೂಳು.

ಲಿವರಿಗೆ ಹಗ್ಗ ಕಟ್ಟಿ ಈ ಕಡೆಯಿಂದ ಎಳೆದು ನೋಡಿದ. ಹಗ್ಗ ಜಾರಿತು. ತಂತಿ ಕಟ್ಟಿದ. ತಂತಿ ತುಂಡಾಯಿತು. ನೆಲದ ಮೇಲೆ ಕೂತ. ಅಲ್ಲಿ ಅಕ್ಕ ಬಾಗಿಲಲ್ಲಿ ಕೂತಿರುತ್ತಾಳೆ ಅನ್ನುವುದೊಂದೇ ತಲೆಯಲ್ಲಿ. ಎಷ್ಟು ಹೊತ್ತು ಕೂತನೋ ಅವನಿಗೇ ಗೊತ್ತಿಲ್ಲ. ಆಮೇಲೆ ಎದ್ದ. ಆ ಕಡೆ ಹೋಗಿ ಲಿವರ್ ಎತ್ತಿ ಬಂದ. ಈ ಕಡೆ ನಿಂತು ಹ್ಯಾಂಡಲ್ ಸಿಕ್ಕಿಸಿದ. ಯಾಕೆ ಅಂತ ಕೇಳಿದರೆ ಈಗಲೂ ಹೇಳಲಾರ. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಅಷ್ಟೆ.

ತಿರುಗಿಸಿದ. ಪುಸ್... ಪುಸ್... ಪುಸ್... ಗಾಲಿಗೆ ಓಟ ಬಂತು. ಪುಸ್ ಪುಸ್ ಪುಸ್... ಅಭ್ಯಾಸಬಲ ನೋಡಿ, ಬಾಯಿಂದ ತಾನಾಗಿ ಹೊರಟಿತು.

"ಬಿಡಿ ಭಾವ."

ಟಕ್.

ಧಡ್... ಧಡ್... ಧಡ್ ಧಡ್ ಧಡ್ ಧಡ್...

ಶೆಡ್ಡಿನ ತಗಡೆಲ್ಲ ಗಡಗಡ ನಡುಗಿತು. ಆ ಇಂಜಿನ್ ಓಡುವಾಗ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗದೆ ಏನೂ ಕೇಳಿಸುವುದಿಲ್ಲ, ನಾನೇ ಕೂಗಿ ನೋಡಿದ್ದೇನೆ. ಅವನಿಗೆ ಪಿಸುಮಾತು ಕೇಳಿಸಿತು.

"ಕೈ ಸರಿ ಇದೆಯೇನೋ?"

ಇವನು ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದ... ಉತ್ತರ ಕೊಟ್ಟ.

"ಇದೆ ಭಾವ."

ಸೀಟಿನ ಸ್ಪ್ರಿಂಗು ಕುಂಯ್ ಅಂದಿತು. ಗಾಡಿ ಎಡಕ್ಕೆ ವಾಲಿತು. ಭಾವ ಸ್ಥೂಲಕಾಯದವರು, ಅವರು ಹತ್ತಿದರೆ ಯಾವಾಗಲೂ ಹಾಗೇ ವಾಲುತ್ತಿತ್ತು. ಟಾರ್ಚು ಅವನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಬಲಗಡೆಯಿಂದ ಹತ್ತಿ ಕೂತ, ಗಾಡಿ ಬಿಟ್ಟ.

ದಾರಿಯುದ್ದಕ್ಕೂ ಹ್ಯಾಂಡ್ಲು ಎಡಕ್ಕೆ ತಿರುಗಿ ನೋಡಲಿಲ್ಲ. ಆಗ ಮೊದಲ ಸಲ ಅವನಿಗೆ ಹೆದರಿಕೆಯಾಯಿತಂತೆ. ಭಾವ ಕೂತಿದ್ದಾರೆ ಅಂತಲ್ಲ. ತಿರುಗಿ ನೋಡಿದರೆ ಕೂತಿರಲಿಕ್ಕಿಲ್ಲ ಅಂತ. ನಡುದಾರಿಯಲ್ಲಿ ಒಮ್ಮೆ, ಮುಂದೆಯೇ ನೋಡುತ್ತಾ, ಅಕ್ಕ ಊಟ ಮಾಡುತ್ತಿಲ್ಲ ಭಾವ, ಅಂದ. ಇಂಜಿನ್ ಒಂದು ಸಲವೂ ಕೆಮ್ಮದೆ ಓಡಿತು. ಎಂದೂ ಹಾಗೆ ಓಡಿದ್ದಿಲ್ಲ ಅದು.

ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲಿದ್ದಳು. ಸದ್ದು ಕೇಳಿ ಆಗಲೇ ಎದ್ದು ನಿಂತಿದ್ದಳು. ಇವನು ಇಂಜಿನ್ ಓಡುತ್ತಿರುವಂತೆಯೇ ಇಳಿದು ಅವಳ ಹತ್ತಿರ ಬಂದ. ಅವಳು ಗಾಡಿಯನ್ನು ನೋಡಿದಳು. ಇವನನ್ನು ನೋಡಿದಳು. ಆ ಇಂಜಿನ್ನಿಗೆ ಎಷ್ಟು ಜನ ಬೇಕು ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಲಿವರ್ ಯಾರು ಬೀಳಿಸಿದ್ದು?" ಇವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

ನಿಜ ಹೇಳಿದರೆ ಇವಳು ಇನ್ನು ಆ ಬಾಗಿಲು ಬಿಟ್ಟು ಏಳುವುದಿಲ್ಲ, ಅಲ್ಲೇ ಕೂತು ಸಾಯುತ್ತಾಳೆ. ಸುಳ್ಳು ಹೇಳಿದರೆ... ಇಷ್ಟು ದೂರ ಜೊತೆಗೆ ಬಂದವರನ್ನು, ಅವರ ಎದುರಿಗೇ, ಬಂದೇ ಇಲ್ಲ ಅಂದ ಹಾಗೆ. ಅವನ ಎದೆಯಲ್ಲಿ ಏನೋ ಹಿಂಡಿತಂತೆ, ಒಂದೇ ಕ್ಷಣ. ಆಮೇಲೆ ಮತ್ತೆ ಮರಗಟ್ಟಿತು.

"ಪಂಕ್ಚರಿನವನು."

"ಅಲ್ಲಿಂದ ನೀನೊಬ್ಬನೇ ಬಂದ್ಯಾ?"

"ಒಬ್ಬನೇ."

ಅಕ್ಕ ಹೂಂ ಅಂದಳು. ಇಬ್ಬರೂ ಅಲ್ಲೇ ನಿಂತಿದ್ದರು, ಬಾಗಿಲ ಬಳಿ, ಗಾಡಿಯ ಈ ಕಡೆ. ಇಂಜಿನ್ ಇನ್ನೂ ಬಡಿದುಕೊಳ್ಳುತ್ತಿತ್ತು. ಆ ಕಡೆ ಹೋಗಿ ಲಿವರ್ ಎತ್ತಿ ನಿಲ್ಲಿಸಬೇಕು. ಇವನು ಹೋಗಲಿಲ್ಲ.

ಟಕ್.

ಧಡ್... ಧಡ್... ಪುಸ್... ಪುಸ್...

ನಿಂತಿತು. ಗಾಡಿ ಕುಂಯ್ ಅಂದು ನೆಟ್ಟಗಾಯಿತು. ಅಕ್ಕ ಇವನ ಕಡೆ ನೋಡಲೇ ಇಲ್ಲ. ಹೊಸ್ತಿಲ ಮೇಲಿದ್ದವಳು ಒಂದು ಪಕ್ಕಕ್ಕೆ ಸರಿದಳು, ಯಾರಿಗೋ ದಾರಿ ಬಿಡುವ ಹಾಗೆ. ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಒಳಗೆ ಹೋದಳು. ಅಡುಗೆಮನೆಯಲ್ಲಿ ತಟ್ಟೆ ಇಟ್ಟ ಸದ್ದು ಕೇಳಿಸಿತು. ಆ ರಾತ್ರಿ ಹೊಟ್ಟೆ ತುಂಬಾ ಉಂಡು, ಬಿಸಿಲೇರುವವರೆಗೆ ಮಲಗಿದಳು.

ಅಂದಿನಿಂದ ಅವಳು ಬಾಗಿಲಲ್ಲಿ ಕೂತದ್ದಿಲ್ಲ. ಮೈ ತುಂಬಿಕೊಂಡಿದ್ದಾಳೆ. ಡಾಕ್ಟರು ಔಷಧಿ ಹಿಡಿಯಿತು ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ, ಪಾಪ. ಹ್ಯಾಂಡ್ಲು ಅಂದುಕೊಂಡದ್ದು ಆಯಿತು, ಅಕ್ಕ ಉಳಿದಳು. ಆದರೂ ಅವನು ಆ ಮನೆಯಲ್ಲಿ ನಿಲ್ಲಲಿಲ್ಲ. ಬೇರೆ ಕೋಣೆ ಹಿಡಿದು, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹೊರಡುವ ಮುಂಚೆ ಒಮ್ಮೆ ಧೈರ್ಯ ಮಾಡಿ, ಈಗ ಯಾಕಕ್ಕ ಕಾಯೋದಿಲ್ಲ ಅಂತ ಕೇಳಿದನಂತೆ. ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಬಂದ್ರಲ್ಲ. ಇನ್ನೇನು ಕಾಯೋದು?"

ನಂಬುವವರು ನಂಬಿ, ಬಿಡುವವರು ಬಿಡಿ. ಮೊನ್ನೆ ನಾನೇ ಆ ಮನೆಗೆ ಹೋಗಿದ್ದೆ. ಅಕ್ಕ ಒಬ್ಬಳೇ ಇದ್ದಳು. ಗಾಡಿ ಹಿಂದುಗಡೆ ತಾಡಪಾಲು ಹೊದ್ದುಕೊಂಡು ನಿಂತಿತ್ತು, ಅದನ್ನು ಯಾರೂ ಮುಟ್ಟುವುದಿಲ್ಲ. ಊಟಕ್ಕೆ ಕರೆದಳು, ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಒಂದು ಸೋಪು ಇತ್ತು. ಕರ್ರಗೆ, ಗ್ರೀಸು ಮೆತ್ತಿಕೊಂಡು, ದಪ್ಪ ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ನಾನು ಕೈ ಹಾಕಿದ್ದು ನೋಡಿ ಅಕ್ಕ ಹಿಂದಿನಿಂದ, ಅದು ಬೇಡ, ತಾಳು, ನಿನಗೆ ಬೇರೆ ಸೋಪು ಕೊಡ್ತೀನಿ, ಅಂದಳು. ಅಷ್ಟರಲ್ಲಿ ನಾನು ಮುಟ್ಟಿಯಾಗಿತ್ತು. ಒದ್ದೆ ಇತ್ತು.